ಅಟ್ಟದಿಂದಿಳಿದ ವೀ ಪೆಟ್ಟಿಗೆಗೆ ಹೋಮ್‌ಬ್ರೂ ಹಾಕುವ ಕ್ರಮ

ಮಳೆ ಹಿಡಿಯುವ ಮೊದಲು ನೀರ್ಚಾಲಿನ ಅಕ್ಕನ ಮನೆಯಲ್ಲಿ ಅಟ್ಟ ಗುಡಿಸುವ ಕೆಲಸ ನಡೆದಿತ್ತು. ಅಡಿಕೆ ಗೋಣಿಗಳ ಹಿಂದಿನಿಂದ ಅಳಿಯ ಕೂಗಿದ: "ಅಜ್ಜೀ, ಆಟದ ಪೆಟ್ಟಿಗೆ ಸಿಕ್ಕಿತು!" ಕೆಳಗೆ ಜಗಲಿಯಲ್ಲಿ ಕೂತಿದ್ದ ಭಾವನ ಅಮ್ಮ ತಲೆ ಎತ್ತಿ, "ಯಾವ ಮೇಳದ್ದು?" ಅಂತ ಕೇಳಿದರು. ನಮ್ಮ ಕಡೆ ಆಟ ಅಂದರೆ ಯಕ್ಷಗಾನ, ಪೆಟ್ಟಿಗೆ ಅಂದರೆ ವೇಷಭೂಷಣದ ಪೆಟ್ಟಿಗೆ. ಅವರ ತಪ್ಪಲ್ಲ.

ಸಿಕ್ಕಿದ್ದು ನಿಂಟೆಂಡೊ ವೀ, ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆ. ಭಾವ ದುಬೈಯಲ್ಲಿದ್ದಾಗ ತಂದದ್ದು. ಕಾಸರಗೋಡಿನಲ್ಲಿ ಗಲ್ಫಿನ ನಂಟಿರುವ ಎಷ್ಟೋ ಮನೆಗಳಲ್ಲಿ ಇಂಥದ್ದೊಂದು ಎಲ್ಲೋ ಬಿದ್ದಿರುತ್ತದೆ. ಕರೆಂಟು ಕೊಟ್ಟರೆ ದೀಪ ಹತ್ತಿತು, ಡಿಸ್ಕ್ ಹಾಕಿದರೆ ಮಾತ್ರ ಗರಗರ ಸದ್ದು ಮಾಡಿ ಹೊರಗೆ ಉಗುಳಿತು. ಇಷ್ಟು ಆಟಿ ತಿಂಗಳ ತೇವ ಕುಡಿದ ಲೆನ್ಸು ಇನ್ನೇನು ಮಾಡೀತು! "ಮಾವ, ಇದು ಗುಜರಿಗೆ ಹೋಗುವುದಾ?" ಅಂದ ಅಳಿಯ. ಬೇಡ ಅಂದೆ. ಡಿಸ್ಕ್ ಓದದ ವೀಯಲ್ಲೂ ಎಸ್‌ಡಿ ಕಾರ್ಡಿನಿಂದ ಪ್ರೋಗ್ರಾಂ ಓಡಿಸಬಹುದು. ಅವನ ಜತೆ ಕೂತು ಎರಡು ಬೆಳಗ್ಗೆ ಮಾಡಿದ ಕೆಲಸವನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಹೋಮ್‌ಬ್ರೂ ಅಂದರೆ ಕಂಪೆನಿಯ ಮುದ್ರೆ ಇಲ್ಲದೆ ಹವ್ಯಾಸಿಗಳು ಬರೆದು ಉಚಿತವಾಗಿ ಹಂಚುವ ಪ್ರೋಗ್ರಾಂ: ಆಟಗಳು, ವಿಡಿಯೋ ಪ್ಲೇಯರು, ಕಡತ ನಕಲು ಮಾಡುವ ಸಾಧನ, ನಾವೇ ಬರೆದ ನಾಲ್ಕು ಸಾಲು. ಕದ್ದ ಆಟ ಓಡಿಸುವುದಕ್ಕೆ ಈ ಹೆಸರಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮು ಪರರ ಹಕ್ಕು ಕಸಿಯುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಜೈಲು ಇಟ್ಟಿದೆ. ಆ ದಾರಿಯನ್ನು ಇಲ್ಲಿ ಕೇಳಬೇಡಿ.

ಮೊದಲು ಪೆಟ್ಟಿಗೆಯನ್ನು ನೋಡಿ

2006ರ ನವೆಂಬರಿನಲ್ಲಿ ಬಂದ ಮೊದಲ ಮಾದರಿಯ ಒಂದು ಬದಿಯಲ್ಲಿ ಮುಚ್ಚಳದಡಿ ಗೇಮ್‌ಕ್ಯೂಬಿನ (ನಿಂಟೆಂಡೊದ ಇದಕ್ಕಿಂತ ಹಿಂದಿನ ಆಟದ ಪೆಟ್ಟಿಗೆ) ಕಂಟ್ರೋಲರಿಗಾಗಿ ನಾಲ್ಕು ಗುಂಡಗಿನ ತೂತುಗಳಿವೆ. ಅದಿದ್ದರೆ ಒಳ್ಳೆಯದೇ. 2011ರಲ್ಲಿ ಬಂದ ಮಾದರಿಯಲ್ಲಿ ಅವಿಲ್ಲ, ಆದರೂ ಈ ಕ್ರಮ ನಡೆಯುತ್ತದೆ. ವೀ ಮಿನಿ ಎಂಬ ಕೆಂಪು-ಕಪ್ಪು ಚಿಕ್ಕ ಪೆಟ್ಟಿಗೆಗೆ ಎಸ್‌ಡಿ ಕಾರ್ಡಿನ ಬಾಯಿಯೇ ಇಲ್ಲ. ಅದಕ್ಕೆ ಬ್ಲೂಬಾಂಬ್ ಎಂಬ ಬೇರೆ ಉಪಾಯವಿದೆ, ಬ್ಲೂಟೂತ್ ಇರುವ ಲಿನಕ್ಸ್ ಕಂಪ್ಯೂಟರು ಬೇಕು.

ಅಡಾಪ್ಟರಿನ ಚೀಟಿಯನ್ನು ಓದದೆ ಪ್ಲಗ್ ಚುಚ್ಚಬೇಡಿ. ಗಲ್ಫಿನಿಂದ ಬಂದದ್ದು ಹೆಚ್ಚಾಗಿ 220-240 ವೋಲ್ಟಿನದ್ದು, ಮೂರು ಚೌಕ ಕಾಲಿನ ಪ್ಲಗ್ಗಿಗೆ ಒಂದು ಕನ್ವರ್ಟರು ಸಾಕು. ಅಮೆರಿಕದ ನೆಂಟರು ಕೊಟ್ಟದ್ದಾದರೆ ಅಡಾಪ್ಟರು 120 ವೋಲ್ಟಿನದ್ದು. ನಮ್ಮ ಗೋಡೆಯ ಪ್ಲಗ್ಗಿಗೆ ನೇರ ಹಾಕಿದರೆ ಸುಟ್ಟ ವಾಸನೆ ಬರುತ್ತದೆ, ಅಷ್ಟೇ. ಪೆಟ್ಟಿಗೆಗೆ ಬೇಕಾದದ್ದು 12 ವೋಲ್ಟ್, 3.7 ಆಂಪಿಯರ್.

ಈಗ ಚಾಲೂ ಮಾಡಿ ವೀ ಸೆಟ್ಟಿಂಗ್ಸಿಗೆ ಹೋಗಿ. ಮೇಲೆ ಬಲಮೂಲೆಯಲ್ಲಿ 4.3 ಇ, 4.3 ಯು ಎಂಬಂಥ ಸಂಖ್ಯೆ ಕಾಣುತ್ತದೆ. 2010ರಲ್ಲಿ ಬಂದ 4.3 ಕೊನೆಯ ಆವೃತ್ತಿ. ಹಿಂದಿನ ಅಕ್ಷರ ವಲಯವನ್ನು ಹೇಳುತ್ತದೆ: ಇ ಅಂದರೆ ಯುರೋಪು, ಯು ಅಂದರೆ ಅಮೆರಿಕ, ಜೆ ಅಂದರೆ ಜಪಾನು. ದುಬೈಯಲ್ಲಿ ಇ, ಯು ಎರಡೂ ಬಗೆಯವು ಮಾರಾಟವಾಗಿದ್ದವು, ಹಾಗಾಗಿ ಊಹೆ ಬೇಡ, ಅಕ್ಷರ ನೋಡಿ ಬರೆದಿಟ್ಟುಕೊಳ್ಳಿ. ಅಲ್ಲೇ ಇಂಟರ್‌ನೆಟ್ ವಿಭಾಗದ ಕನ್ಸೋಲ್ ಮಾಹಿತಿಯಲ್ಲಿ ಮ್ಯಾಕ್ ಅಡ್ರೆಸ್ ಎಂಬ ಹನ್ನೆರಡು ಅಂಕಿ-ಅಕ್ಷರಗಳ ಸಾಲುಂಟು. ಅದನ್ನೂ ಬರೆದುಕೊಳ್ಳಿ. ಸೊನ್ನೆಯನ್ನು ಎಂಟು ಅಂತ ಓದಿ ಅಳಿಯ ಅರ್ಧ ಗಂಟೆ ಹಾಳು ಮಾಡಿದ, ಆದ್ದರಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಡುವುದೇ ಮೇಲು.

ಕುದುರೆಯ ಹೆಸರಿನಿಂದ ತೆರೆದ ಬಾಗಿಲು

ಕೆಲಸ ಶುರುಮಾಡುವ ಮೊದಲು ಈ ಕತೆ ಗೊತ್ತಿದ್ದರೆ ಒಳ್ಳೆಯದು, ಮಾಡುತ್ತಿರುವುದೇನು ಅಂತ ಅರ್ಥವಾಗುತ್ತದೆ. ವೀ ಹಳೆಯ ಗೇಮ್‌ಕ್ಯೂಬ್ ಆಟ ಓಡಿಸುವಾಗ ತನ್ನ ಒಂದು ಮೆಮರಿ ಚಿಪ್ಪಿನ 64 ಎಂಬಿಯಲ್ಲಿ 16 ಎಂಬಿಯನ್ನು ಮಾತ್ರ ಆ ಆಟಕ್ಕೆ ಬಿಟ್ಟುಕೊಡುತ್ತದೆ. ಉಳಿದ ಭಾಗದಲ್ಲಿ ಗುಟ್ಟಿನ ಕೀಲಿಗಳು ಅಳಿಯದೆ ಕೂತಿರುತ್ತಿದ್ದವು. ಕೆಲವು ಹವ್ಯಾಸಿಗಳು ಪೆಟ್ಟಿಗೆ ಬಿಚ್ಚಿ, ಸರ್ಕೀಟು ಬೋರ್ಡಿನ ಎರಡು ಬಿಂದುಗಳಿಗೆ ಚಿಮುಟ ತಾಗಿಸಿ, ಆ ಅಡಗಿದ ಭಾಗವನ್ನು ಓದಿಯೇ ಬಿಟ್ಟರು. ಚಿಮುಟದಿಂದಲೇ ಅವರ ತಂಡಕ್ಕೆ ಟೀಮ್ ಟ್ವೀಜರ್ಸ್ ಎಂಬ ಹೆಸರು ಬಂತು. 2007ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಸಮ್ಮೇಳನದಲ್ಲಿ ಇದನ್ನು ತೋರಿಸಿದರು.

ಬೋರ್ಡಿಗೆ ಚಿಮುಟ ತಾಗಿಸುವುದು ಎಲ್ಲರ ಕೈಲಾಗುವ ಕೆಲಸವಲ್ಲ. 2008ರ ಫೆಬ್ರವರಿಯಲ್ಲಿ ಸುಲಭದ ದಾರಿ ಸಿಕ್ಕಿತು. ಜೆಲ್ಡಾ ಸರಣಿಯ ಟ್ವೈಲೈಟ್ ಪ್ರಿನ್ಸೆಸ್ ಆಟದಲ್ಲಿ ನಾಯಕನ ಕುದುರೆಗೆ ನಾವೇ ಹೆಸರಿಡಬಹುದು. ಆ ಹೆಸರಿನ ಉದ್ದ ಎಷ್ಟು ಅಂತ ಆಟ ಪರೀಕ್ಷಿಸುತ್ತಿರಲಿಲ್ಲ. ಸೇವ್ ಕಡತದಲ್ಲಿ ಮೈಲುದ್ದದ ಹೆಸರು ತುರುಕಿದರೆ, ಹೆಸರಿಗೆ ಇಟ್ಟ ಜಾಗ ತುಂಬಿ, ಉಕ್ಕಿ ಪಕ್ಕದ ಜಾಗಕ್ಕೆ ಹರಿಯುತ್ತದೆ. ಹರಿದದ್ದನ್ನು ಪೆಟ್ಟಿಗೆ ಆಜ್ಞೆ ಅಂತ ತಿಳಿದು ಪಾಲಿಸುತ್ತದೆ. ತೋಟದ ಕಣಿ ಕಟ್ಟಿಕೊಂಡರೆ ನೀರು ಪಕ್ಕದ ಬುಡಕ್ಕೆ ನುಗ್ಗುವ ಹಾಗೆ.

ನಾವು ಇಂದು ಬಳಸುವ ಲೆಟರ್‌ಬಾಂಬ್ 2011ರದ್ದು. ಇದಕ್ಕೆ ಯಾವ ಆಟವೂ ಬೇಡ. ವೀಯ ಸಂದೇಶ ಫಲಕಕ್ಕೆ ಎಸ್‌ಡಿ ಕಾರ್ಡಿನಿಂದ ಒಂದು ಕಾಗದ ಬರುತ್ತದೆ, ಅದನ್ನು ಒಡೆದು ಓದಲು ಹೋದ ಪೆಟ್ಟಿಗೆ ಅದೇ ರೀತಿ ಮುಗ್ಗರಿಸುತ್ತದೆ. ಕಾಗದ ನಿಮ್ಮ ಪೆಟ್ಟಿಗೆಯ ವಿಳಾಸಕ್ಕೇ ಬರೆದದ್ದಾಗಿರಬೇಕು, ಅದಕ್ಕಾಗಿಯೇ ಆ ಮ್ಯಾಕ್ ಅಡ್ರೆಸ್.

ಕರೆಂಟು, ಕಾರ್ಡು, ತಾರೀಕು

ಯಾವ ಹೊತ್ತಿಗೆ ಮಾಡುತ್ತೀರಿ ಎಂಬುದು ಮುಖ್ಯ. ಪೆಟ್ಟಿಗೆಯ ಒಳಗಿನ ಮೆಮರಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಅದು ಮತ್ತೆ ಏಳದೇ ಇರಬಹುದು. ನಮ್ಮೂರಲ್ಲಿ ಮಧ್ಯಾಹ್ನದ ನಂತರ ಮೋಡ ಕಟ್ಟಿ ಗುಡುಗಿದರೆ ಟಿವಿಯ ಪ್ಲಗ್ ಕೀಳುವುದೇ ರೂಢಿ. ಹಾಗಾಗಿ ಬೆಳಗ್ಗೆ ಕಾಫಿ ಕುಡಿದು ಕೂತುಕೊಳ್ಳಿ. ಇನ್ವರ್ಟರು ಇದ್ದರೆ ಅದರ ಲೈನಿಗೇ ಕೊಟ್ಟು, ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿ. ಫ್ಯಾನು-ಲೈಟಿಗೆ ಇಡುವ ಸಾಮಾನ್ಯ ಮೋಡಿನಲ್ಲಿ ಕರೆಂಟು ಬದಲಾಗುವ ಆ ಕ್ಷಣದ ತಡವೇ ಪೆಟ್ಟಿಗೆ ಆರಿಹೋಗಲು ಸಾಕು.

ಎಸ್‌ಡಿ ಕಾರ್ಡು 2 ಜಿಬಿಯದ್ದಾದರೆ ಅತ್ಯುತ್ತಮ, 32 ಜಿಬಿವರೆಗಿನದ್ದೂ ನಡೆಯುತ್ತದೆ. ಹಳೆ ಮೊಬೈಲಿನ ಮೈಕ್ರೊ ಎಸ್‌ಡಿಯನ್ನು ಅಡಾಪ್ಟರಿಗೆ ಹಾಕಿ ನಾವು ಮಾಡಿದೆವು. ಕಂಪ್ಯೂಟರಿನಲ್ಲಿ ಎಫ್ಎಟಿ32ಕ್ಕೆ ಫಾರ್ಮ್ಯಾಟ್ ಮಾಡಿ. ಅಡಾಪ್ಟರಿನ ಬದಿಯಲ್ಲಿರುವ ಪುಟ್ಟ ಲಾಕ್ ಗುಂಡಿ ಮೇಲಕ್ಕಿರಲಿ. ಅದು ಕೆಳಗೆ ಜಾರಿದ್ದರೆ ಏನೂ ಬರೆಯಲಾಗದು, ಕಾರಣವೂ ತಿಳಿಯದು.

ಇನ್ನು ತಾರೀಕು. ವರ್ಷಗಟ್ಟಲೆ ಅಟ್ಟದಲ್ಲಿದ್ದ ಪೆಟ್ಟಿಗೆಯ ಗಡಿಯಾರದ ಸೆಲ್ಲು ಸತ್ತಿರುತ್ತದೆ. ನಮ್ಮದು 2000ನೇ ಇಸವಿ ತೋರಿಸುತ್ತಿತ್ತು. ಬಾಂಬಿನ ಕಾಗದ ಇಂದಿನ ತಾರೀಕಿಗೆ ಬರುವಂಥದ್ದು. ಪೆಟ್ಟಿಗೆ ಇಪ್ಪತ್ತು ಚಿಲ್ಲರೆ ವರ್ಷ ಹಿಂದೆ ಕೂತಿದ್ದರೆ ಕಾಗದ ಎಲ್ಲಿ ಸಿಗಬೇಕು! ಒಂದು ಪುಟ್ಟ ಸ್ಕ್ರೂ ಬಿಚ್ಚಿದರೆ ಸೆಲ್ಲಿನ ತಟ್ಟೆ ಹೊರಬರುತ್ತದೆ, ಅದರಲ್ಲಿ ನಾಣ್ಯದಂಥ ಸಿಆರ್2032. ವಾಚ್ ರಿಪೇರಿಯವರಲ್ಲಿ ಸಿಗುತ್ತದೆ. ಹೊಸದು ಹಾಕಿ ತಾರೀಕು, ಸಮಯ ಸರಿಮಾಡಿ.

ಕಾಗದ ಒಡೆಯುವುದು

ಕಂಪ್ಯೂಟರಿನಲ್ಲಿ ಹ್ಯಾಕ್‌ಮಿ ತಾಣದ (ಮೇಲೆ ಹೇಳಿದ ಚಿಮುಟದ ತಂಡದವರದ್ದೇ ತಾಣ) ಲೆಟರ್‌ಬಾಂಬ್ ಪುಟವನ್ನು ತೆರೆಯಿರಿ. ಅದೇ ಹೆಸರಿನ ನಕಲಿ ಡೌನ್‌ಲೋಡುಗಳ ಹಿಂದೆ ಹೋಗಬೇಡಿ. ಪುಟದಲ್ಲಿ ನಿಮ್ಮ ವಲಯ ಆರಿಸಿ, ಮ್ಯಾಕ್ ಅಡ್ರೆಸ್ ತುಂಬಿ. ಹ್ಯಾಕ್‌ಮಿ ಇನ್‌ಸ್ಟಾಲರ್ ಕೂಡ ಸೇರಿಸುವ ಚೌಕಕ್ಕೆ ಟಿಕ್ ಇರಲಿ. ಕೆಳಗೆ ಸಿನಿಮಾದ ಬಾಂಬಿನ ಹಾಗೆ ಕೆಂಪು ತಂತಿ, ನೀಲಿ ತಂತಿ ಎಂಬ ಎರಡು ಗುಂಡಿಗಳಿವೆ. ತಮಾಷೆ ಅದು, ಯಾವುದನ್ನು ಕತ್ತರಿಸಿದರೂ ಒಂದೇ ಕಡತ ಬರುತ್ತದೆ. ಅಳಿಯ ಐದು ನಿಮಿಷ ಯೋಚಿಸಿ ನೀಲಿ ಒತ್ತಿದ.

ಬಂದ ಜಿಪ್ ಕಡತವನ್ನು ಬಿಚ್ಚಿ, ಒಳಗಿನ ಪ್ರೈವೇಟ್ ಎಂಬ ಫೋಲ್ಡರನ್ನೂ ಬೂಟ್ ಎಂಬ ಕಡತವನ್ನೂ ಎಸ್‌ಡಿ ಕಾರ್ಡಿಗೆ ಹಾಕಿ. ಇನ್ನೊಂದು ಫೋಲ್ಡರಿನ ಒಳಗಲ್ಲ, ನೇರ ಕಾರ್ಡಿನ ಮೇಲ್ಮಟ್ಟಕ್ಕೇ. ಹೆಸರು ಬದಲಿಸಬೇಡಿ. ಕಾರ್ಡನ್ನು ವೀಯ ಮುಂಭಾಗದ ಪುಟ್ಟ ಬಾಗಿಲಿನೊಳಗೆ ತಳ್ಳಿ. ರಿಮೋಟು ಜೋಡಣೆ ತಪ್ಪಿದ್ದರೆ ಅದೇ ಬಾಗಿಲಿನೊಳಗೆ ಕೆಂಪು ಸಿಂಕ್ ಗುಂಡಿಯುಂಟು, ಇನ್ನೊಂದು ರಿಮೋಟಿನ ಬ್ಯಾಟರಿ ಮುಚ್ಚಳದಡಿ.

ಮುಖಪುಟದ ಬಲ ಕೆಳಮೂಲೆಯ ಲಕೋಟೆ ಒತ್ತಿದರೆ ಸಂದೇಶ ಫಲಕ ಬರುತ್ತದೆ. ಅಲ್ಲಿ ಬಾಂಬಿನ ಚಿತ್ರವಿರುವ ಕೆಂಪು ಕಾಗದ ಕಾಣಬೇಕು. ಇಂದಿನ ದಿನದಲ್ಲಿ ಇಲ್ಲವಾದರೆ ಬಾಣದ ಗುರುತು ಒತ್ತಿ ನಿನ್ನೆಗೆ, ಮೊನ್ನೆಗೆ ಹೋಗಿ ನೋಡಿ. ನಮಗೆ ನಿನ್ನೆಯಲ್ಲಿ ಸಿಕ್ಕಿತು. ಒತ್ತಿದ ಕೂಡಲೇ ಎಲ್ಲ ಸ್ತಬ್ಧ. ಹೆದರಬೇಡಿ, ಸ್ವಲ್ಪ ಹೊತ್ತಿಗೆ ಕಪ್ಪು ಪರದೆಯಲ್ಲಿ ಅಕ್ಷರಗಳು ಮೂಡುತ್ತವೆ.

ಮೊದಲ ಎಚ್ಚರಿಕೆಯೇ ಇದು: ಈ ಸಾಫ್ಟ್‌ವೇರಿಗೆ ನೀವು ದುಡ್ಡು ಕೊಟ್ಟಿದ್ದರೆ ಮೋಸಹೋಗಿದ್ದೀರಿ, ವಾಪಸು ಕೇಳಿ. ಓದಿ ಭಾವ ಮುಖ ಹುಳ್ಳಗೆ ಮಾಡಿದ. ಒಂದು ಕಾಲದಲ್ಲಿ ಪೇಟೆಯ ಯಾವುದೋ ಅಂಗಡಿಯಲ್ಲಿ ಇದೇ ಕೆಲಸಕ್ಕೆ ಸಾವಿರದ ಇನ್ನೂರು ಕೇಳಿದ್ದರಂತೆ, ಪುಣ್ಯಕ್ಕೆ ಕೊಟ್ಟಿರಲಿಲ್ಲ. ಅರ್ಧ ನಿಮಿಷ ಕಾದು, ರಿಮೋಟಿನ 1 ಎಂಬ ಗುಂಡಿ ಒತ್ತಿ ಮುಂದೆ ಹೋಗಿ.

ನಿಮ್ಮ ಪೆಟ್ಟಿಗೆಯಲ್ಲಿ ಏನೇನು ಹಾಕಬಹುದು ಅಂತ ಇನ್‌ಸ್ಟಾಲರು ಪರೀಕ್ಷಿಸಿ ಹೇಳುತ್ತದೆ. ಮೊದಲು ಹೋಮ್‌ಬ್ರೂ ಚಾನೆಲ್ ಹಾಕಿ, ಕಾರ್ಡಿನಲ್ಲಿರುವ ಪ್ರೋಗ್ರಾಂಗಳನ್ನು ತೆರೆಯುವುದು ಅದರಿಂದ. ನಂತರ ಬೂಟ್‌ಮಿ, ಪೆಟ್ಟಿಗೆಯ ಬ್ಯಾಕಪ್ ತೆಗೆಯುವ ಸಾಧನ. ಬೂಟ್‌ಮಿಯನ್ನು ಎರಡು ಕಡೆ ಇಡಬಹುದು: ಬೂಟ್2 ಎಂಬ ಆಳದ ಜಾಗದಲ್ಲಿ, ಅಥವಾ ಐಒಎಸ್ ಎಂಬ ಮೇಲಿನ ಜಾಗದಲ್ಲಿ. (ಆ್ಯಪಲ್ ಫೋನಿನ ಐಒಎಸ್‌ಗೂ ಇದಕ್ಕೂ ಸಂಬಂಧವಿಲ್ಲ.) ಬೂಟ್2 ಆಯ್ಕೆ ಕಾಣಿಸಿದರೆ ಅದನ್ನೇ ಆರಿಸಿ. ಪೆಟ್ಟಿಗೆ ಏಳುವಾಗ ಎಲ್ಲಕ್ಕಿಂತ ಮೊದಲು ಅದೇ ಏಳುವುದರಿಂದ, ಮೇಲಿನದ್ದು ಏನು ಕೆಟ್ಟರೂ ಸರಿಪಡಿಸಬಹುದು. ಈ ಭಾಗ್ಯ ಹಳೆಯ ಪೆಟ್ಟಿಗೆಗಳಿಗೆ ಮಾತ್ರ. ನಮ್ಮದಕ್ಕೆ ಐಒಎಸ್ ಮಾತ್ರ ಸಿಕ್ಕಿತು. ಬರೆಯುವ ಕೆಲಸ ಮುಗಿಯುವವರೆಗೆ ರಿಮೋಟಿಗೂ ಪ್ಲಗ್ಗಿಗೂ ಕೈ ಹಾಕಬೇಡಿ. ಹೆಚ್ಚು ಹೊತ್ತೇನಲ್ಲ.

ಆಟಕ್ಕಿಂತ ಮೊದಲು ಬ್ಯಾಕಪ್

ಹೋಮ್‌ಬ್ರೂ ಚಾನೆಲ್ ತೆರೆದರೆ ನೀರಿನಲ್ಲಿ ಗುಳ್ಳೆಗಳು ಮೇಲೇರುವ ಪರದೆ ಕಾಣುತ್ತದೆ. ಇಲ್ಲಿಗೆ ತಲುಪಿದ ಪ್ರತಿ ಹುಡುಗನ ಕೈ ಆಟ ಇಳಿಸಲು ತುರಿಸುತ್ತದೆ. ಆ ತುರಿಕೆಯಲ್ಲಿ ಸತ್ತ ಪೆಟ್ಟಿಗೆಗಳಲ್ಲಿ ನನ್ನ ಮೊದಲ ವೀಯೂ ಒಂದು. ಬ್ಯಾಕಪ್ ಇಲ್ಲದೆ, ಬೇರೆ ವಲಯಕ್ಕೆ ಮಾಡಿದ ಬಣ್ಣದ ಥೀಮ್ ಹಾಕಿದೆ. ಮರುದಿನದಿಂದ ಬರೀ ಕಪ್ಪು ಪರದೆ. ಅದು ಈಗಲೂ ನನ್ನ ಮೇಜಿನ ಕೆಳಗೆ ಕಾಲಿಡುವ ಮಣೆಯಾಗಿದೆ.

ಹಾಗಾಗಿ ಅಳಿಯನ ಕೈ ಹಿಡಿದು ಕೂರಿಸಿದೆ. ಕಾರ್ಡಿನಲ್ಲಿ 600 ಎಂಬಿಯಷ್ಟು ಜಾಗ ಖಾಲಿ ಇರಲಿ. ಹೋಮ್ ಗುಂಡಿ ಒತ್ತಿ, ಲಾಂಚ್ ಬೂಟ್‌ಮಿ ಆರಿಸಿ. ಈಗ ವೀ ರಿಮೋಟು ಕೆಲಸ ಮಾಡುವುದಿಲ್ಲ, ಕೆಟ್ಟಿತು ಅಂದುಕೊಳ್ಳಬೇಡಿ. ಪೆಟ್ಟಿಗೆಯ ಪವರ್ ಗುಂಡಿ ಒತ್ತಿದರೆ ಆಯ್ಕೆ ಪಕ್ಕಕ್ಕೆ ಸರಿಯುತ್ತದೆ, ರಿಸೆಟ್ ಒತ್ತಿದರೆ ಆಯ್ಕೆ ಗಟ್ಟಿಯಾಗುತ್ತದೆ. ಗೇಮ್‌ಕ್ಯೂಬ್ ಕಂಟ್ರೋಲರು ಇದ್ದರೆ ಅದರಿಂದಲೂ ಆಗುತ್ತದೆ. ಹಲ್ಲುಚಕ್ರದ ಚಿತ್ರಕ್ಕೆ ಹೋಗಿ, ಒಳಗೆ ಹಸಿರು ಬಾಣವಿರುವುದನ್ನು ಆರಿಸಿ. ಪೆಟ್ಟಿಗೆಯೊಳಗಿನ ಮೆಮರಿ ಚಿಪ್ಪಿನಿಂದ ಕಾರ್ಡಿಗೆ ನಕಲು ಮಾಡುವುದು ಅದು. ಕೆಂಪು ಬಾಣದ್ದು ಅದರ ತದ್ವಿರುದ್ಧ, ಹಳೆಯದನ್ನು ಚಿಪ್ಪಿಗೆ ಮರಳಿ ಬರೆಯುವುದು. ನಿಜವಾಗಿ ಪ್ರಾಣಾಪಾಯ ಬಂದಾಗ ಹೊರತು ಅದರ ತಂಟೆಗೆ ಹೋಗಬೇಡಿ.

ಪರದೆಯ ಮೇಲೆ ಚೌಕಗಳ ಜಾಲ ಮೂಡಿ ಒಂದೊಂದೇ ತುಂಬುತ್ತಾ ಹೋಗುತ್ತದೆ. ನಡುವೆ ಕೆಲವು ಬ್ಯಾಡ್ ಬ್ಲಾಕ್ ಅಂತ ಬೇರೆ ಬಣ್ಣದಲ್ಲಿ ಕಾಣಬಹುದು. ಕಾರ್ಖಾನೆಯಿಂದ ಬರುವಾಗಲೇ ಕೆಲವು ಹಾಗಿರುತ್ತವೆ, ಚಿಂತೆಯಿಲ್ಲ. ಮುಗಿದ ಮೇಲೆ ಬರೆದದ್ದನ್ನು ತಾಳೆ ನೋಡುವ ಇನ್ನೊಂದು ಸುತ್ತು, ಅದನ್ನೂ ಬಿಡಬೇಡಿ. ಅಷ್ಟರಲ್ಲಿ ಅಕ್ಕ ತಂದಿಟ್ಟ ಗೋಳಿಬಜೆ ಮುಗಿದಿತ್ತು.

ಕಾರ್ಡಿನಲ್ಲಿ ಈಗ ನ್ಯಾಂಡ್, ಕೀಸ್ ಎಂಬ ಹೆಸರಿನ ಎರಡು ಬಿನ್ ಕಡತಗಳಿರುತ್ತವೆ. ಎರಡನ್ನೂ ಕಂಪ್ಯೂಟರಿಗೆ ನಕಲು ಮಾಡಿ, ಇನ್ನೊಂದು ಪ್ರತಿ ಪೆನ್‌ಡ್ರೈವಿಗೆ ಹಾಕಿ ಕಪಾಟಿನಲ್ಲಿಡಿ. ಪ್ರತಿ ಪೆಟ್ಟಿಗೆಯ ಕೀಲಿ ಬೇರೆ ಬೇರೆ, ನೆರೆಮನೆಯವರ ಬ್ಯಾಕಪ್ ನಿಮಗೆ ಆಗಿಬರದು.

ಬೂಟ್2 ಸಿಗದವರು ಪ್ರಿಲೋಡರ್ ಎಂಬುದನ್ನೂ ಹಾಕಿಕೊಳ್ಳಿ. ಅದರ ಫೋಲ್ಡರನ್ನು ಕಾರ್ಡಿಗೆ ಹಾಕಿ ಹೋಮ್‌ಬ್ರೂ ಚಾನೆಲಿನಿಂದ ತೆರೆದು, ಕೇಳಿದಾಗ ರಿಮೋಟಿನ ಕೂಡಿಸುವ ಗುರುತಿನ ಗುಂಡಿ ಒತ್ತಿದರೆ ಆಯಿತು. ಮುಂದೆ ಎಂದಾದರೂ ಮುಖಪುಟ ಕೆಟ್ಟರೆ, ರಿಸೆಟ್ ಒತ್ತಿಹಿಡಿದುಕೊಂಡೇ ಚಾಲೂ ಮಾಡಿ. ಪ್ರಿಲೋಡರಿನ ಪಟ್ಟಿ ಬರುತ್ತದೆ, ಅಲ್ಲಿಂದ ಹೋಮ್‌ಬ್ರೂ ಚಾನೆಲಿಗೆ ಹಾರಬಹುದು.

ಏನು ಓಡಿಸುವುದು

ಕಾರ್ಡಿನ ಮೇಲ್ಮಟ್ಟದಲ್ಲಿ ಆ್ಯಪ್ಸ್ ಎಂಬ ಫೋಲ್ಡರು ಮಾಡಿ, ಹೆಸರು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿರಲಿ. ಅದರೊಳಗೆ ಪ್ರತಿ ಪ್ರೋಗ್ರಾಮಿಗೆ ಒಂದೊಂದು ಫೋಲ್ಡರು. ಒಳಗೆ ಮುಖ್ಯವಾಗಿ ಬೂಟ್ ಎಂಬ ಕಡತ, ವಿವರದ ಮೆಟಾ ಕಡತ, ಐಕಾನ್ ಚಿತ್ರ. ಇಷ್ಟಿದ್ದರೆ ಹೋಮ್‌ಬ್ರೂ ಚಾನೆಲಿನಲ್ಲಿ ತಾನಾಗಿ ಸಾಲಾಗಿ ಕಾಣುತ್ತದೆ. ನಿಂಟೆಂಡೊ ತನ್ನ ವೀ ಅಂಗಡಿಯನ್ನು 2019ರ ಜನವರಿ 30ಕ್ಕೆ ಮುಚ್ಚಿತು. ಹವ್ಯಾಸಿಗಳ ಓಪನ್ ಶಾಪ್ ಚಾನೆಲ್ ಮಾತ್ರ ತೆರೆದೇ ಇದೆ, ಅಲ್ಲಿಂದ ಕಂಪ್ಯೂಟರಿಗೆ ಇಳಿಸಿ ಕಾರ್ಡಿಗೆ ಹಾಕಿ. ವೀಯನ್ನೇ ವೈಫೈಗೆ ಜೋಡಿಸುವುದಾದರೆ ಅದಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು.

ಹುಡುಗರಿಗೆ ಸ್ಕಮ್‌ವಿಎಂ ಒಳ್ಳೆಯದು. ಹಳೆಯ ಕಂಪ್ಯೂಟರಿನ ಕತೆಯಾಟಗಳನ್ನು ಅದು ಓಡಿಸುತ್ತದೆ, ಅವುಗಳಲ್ಲಿ 1994ರ ಬಿನೀತ್ ಎ ಸ್ಟೀಲ್ ಸ್ಕೈಯಂಥವನ್ನು ಹಕ್ಕುದಾರರೇ ಉಚಿತವಾಗಿ ಬಿಟ್ಟಿದ್ದಾರೆ. ಡೂಮ್ ಎಂಬ ಹಳೆಯ ಗುಂಡಿನಾಟದ ಎಂಜಿನ್ನಿನ ವೀ ರೂಪವಿದೆ, ಜತೆಗೆ ಆಟದ ಚಿತ್ರ-ಸದ್ದುಗಳಿರುವ ಫ್ರೀಡೂಮ್ ಎಂಬ ಉಚಿತ ಕಡತ ಹಾಕಿ. ಯಾರದ್ದನ್ನೂ ಕದ್ದ ಹಾಗಾಗುವುದಿಲ್ಲ.

ಆದರೆ ನೀರ್ಚಾಲಿನ ಮನೆಯಲ್ಲಿ ಹೆಚ್ಚು ಓಡುವುದು ವೀಎಂಸಿ ಎಂಬ ಮೀಡಿಯಾ ಪ್ಲೇಯರು. ಭಾವನಲ್ಲಿ ಯಕ್ಷಗಾನದ ಹಳೆಯ ರೆಕಾರ್ಡಿಂಗುಗಳ ರಾಶಿಯೇ ಇದೆ, ಮನೆಯ ಹಳೆ ಟಿವಿಗೆ ಪೆನ್‌ಡ್ರೈವ್ ಓದಲು ಬಾರದು. ಇಲ್ಲಿ ಎರಡು ತೊಡಕು ಬಂತು. ಮೊದಲನೆಯದು, ಎಫ್ಎಟಿ32ರಲ್ಲಿ ಒಂದು ಕಡತ 4 ಜಿಬಿ ದಾಟುವ ಹಾಗಿಲ್ಲ. ರಾತ್ರಿಯಿಡೀ ನಡೆದ ಆಟದ ವಿಡಿಯೋ ಆ ಮಿತಿಯನ್ನು ಪೀಠಿಕೆ ಮುಗಿದು ಸ್ವಲ್ಪ ಹೊತ್ತಿಗೇ ದಾಟುತ್ತದೆ. ಎರಡನೆಯದು, ವೀಯ ಪ್ರೊಸೆಸರು 729 ಮೆಗಾಹರ್ಟ್ಸಿನದ್ದು, ಮೆಮರಿ ಒಟ್ಟು 88 ಎಂಬಿ. 720ಪಿ ವಿಡಿಯೋ ಕೊಟ್ಟರೆ ಚೆಂಡೆಯ ಪೆಟ್ಟು ಮುಂದೆ, ವೇಷದ ಹೆಜ್ಜೆ ಹಿಂದೆ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಬದಲಿಸುವ ಪ್ರೋಗ್ರಾಮಿನಲ್ಲಿ 480ಪಿಗೆ ಇಳಿಸಿ, ಪ್ರಸಂಗವನ್ನು ನಾಲ್ಕೈದು ತುಂಡು ಮಾಡಿ ಕೊಟ್ಟೆವು, ಎರಡೂ ಬಗೆಹರಿಯಿತು. ವೀಯ ಚಿತ್ರವೇ 480 ಗೆರೆ, ಯುರೋಪಿನ ಪೆಟ್ಟಿಗೆಯಲ್ಲಿ ಹೆಚ್ಚೆಂದರೆ 576 ಗೆರೆ, ದಾಟದ ಕಾರಣ ಹೆಚ್ಚಿನ ನಷ್ಟವೇನಿಲ್ಲ. ತಾಳಮದ್ದಳೆಯ ಎಂಪಿ3ಗಳಿಗಂತೂ ಯಾವ ತಕರಾರೂ ಇಲ್ಲ.

ನಡುವೆ ಇನ್ನೊಂದು. ಟಿವಿಯ ಮೇಲಿಡುವ ಸೆನ್ಸರ್ ಬಾರಿನ ವೈರನ್ನು ಅಟ್ಟದ ಇಲಿ ಕಡಿದಿತ್ತು, ಪರದೆಯಲ್ಲಿ ಕೈಗುರುತು ಬರುತ್ತಿರಲಿಲ್ಲ. ಹೆಸರು ಸೆನ್ಸರ್ ಆದರೂ ಅದು ಏನನ್ನೂ ಗ್ರಹಿಸುವುದಿಲ್ಲ. ಎರಡು ತುದಿಯಲ್ಲಿ ಇನ್‌ಫ್ರಾರೆಡ್ ದೀಪಗಳು, ಅಷ್ಟೇ. ಅವನ್ನು ನೋಡುವ ಕ್ಯಾಮೆರಾ ಇರುವುದು ರಿಮೋಟಿನ ಮೂಗಿನಲ್ಲಿ. ಟಿವಿಯ ಮುಂದೆ ಒಂದು ಗೇಣು ಅಂತರದಲ್ಲಿ ಎರಡು ಮೇಣದಬತ್ತಿ ಹಚ್ಚಿಟ್ಟೆ, ಗುರುತು ಕುಣಿಯುತ್ತಾ ಬಂತು. ಹೊಸ ಬಾರು ಬರುವವರೆಗೆ ಹಾಗೇ ನಡೆಯಿತು. ಪರದೆ, ಬಟ್ಟೆ ಹತ್ತಿರವಿಲ್ಲದ ಹಾಗೆ ನೋಡಿಕೊಳ್ಳಿ, ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. "ಟಿವಿಗೂ ಪೂಜೆಯಾ?" ಅಂತ ಅಕ್ಕ ನಕ್ಕಳು.

ನಮ್ಮ ಅಕ್ಷರ

ಸ್ವಂತ ಪ್ರೋಗ್ರಾಂ ಬರೆಯುವ ಆಸೆಯಿದ್ದರೆ ಡೆವ್‌ಕಿಟ್‌ಪ್ರೊ ಎಂಬ ಉಚಿತ ಸಲಕರಣೆ, ಜತೆಗೆ ವೀಗೆ ಬೇಕಾದ ಸಿದ್ಧ ಕೋಡಿನ ಸಂಗ್ರಹ ಲಿಬ್ಒಜಿಸಿ. ಭಾಷೆ ಸಿ. ಮಾದರಿ ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಿಸಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಹೆಸರು ಮೂಡಿಸುವುದು ಒಂದು ಸಂಜೆಯ ಕೆಲಸ. ಕನ್ನಡದಲ್ಲಿ ಮಾತ್ರ ನೇರ ಆಗದು. ಅದರೊಳಗಿನ ಫಾಂಟಿಗೆ ನಮ್ಮ ಅಕ್ಷರವೇ ಗೊತ್ತಿಲ್ಲ, ಒತ್ತು ದೀರ್ಘ ಜೋಡಿಸುವುದಂತೂ ದೂರ. ಉಪಾಯ ಒಂದೇ: ಕಂಪ್ಯೂಟರಿನಲ್ಲಿ ಕನ್ನಡ ಬರೆದು, ಚಿತ್ರವಾಗಿ ಉಳಿಸಿ, ಆ ಚಿತ್ರವನ್ನು ತೋರಿಸುವುದು.

ಇದೇ ಉಪಾಯ ಪ್ರೋಗ್ರಾಂ ಬರೆಯದವರಿಗೂ ಆಗುತ್ತದೆ. ಐಕಾನ್ 128 ಅಡ್ಡ, 48 ಉದ್ದದ ಪಿಎನ್‌ಜಿ ಚಿತ್ರ. ಅದೇ ಅಳತೆಯಲ್ಲಿ ಕನ್ನಡದಲ್ಲಿ ಬರೆದು, ಅದೇ ಹೆಸರಿನಿಂದ ಹಳೆಯದರ ಮೇಲೆ ಉಳಿಸಿದರೆ ಹೋಮ್‌ಬ್ರೂ ಚಾನೆಲಿನ ಸಾಲಿನಲ್ಲಿ ಕನ್ನಡ ಕೂರುತ್ತದೆ. ಅಳಿಯ ಮೊದಲು ಉದ್ದುದ್ದ ಹೆಸರು ಬರೆದ, 48 ಚುಕ್ಕಿ ಎತ್ತರದಲ್ಲಿ ಒತ್ತಕ್ಷರಗಳು ಕಲಸಿಹೋದವು. ಎರಡೇ ಅಕ್ಷರದ ಮಾತು ಸಾಕು ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ವೀಎಂಸಿಯ ಐಕಾನನ್ನು ಹಳದಿ ಹಿನ್ನೆಲೆಯಲ್ಲಿ ಕೆಂಪಗೆ "ಆಟ" ಅಂತ ಮಾಡಿದ.

ಅಂದು ಸಂಜೆ ಅಜ್ಜಿ ಕನ್ನಡಕ ಏರಿಸಿ ಪರದೆ ನೋಡಿದರು. ಗುಳ್ಳೆಗಳ ನಡುವೆ ಇಂಗ್ಲಿಷಿನ ನಾಲ್ಕು ಹೆಸರು, ಅವುಗಳ ಕೆಳಗೆ ಅದು. ರಿಮೋಟನ್ನು ಮೊಮ್ಮಗನ ಕೈಯಿಂದ ತಾವೇ ತೆಗೆದುಕೊಂಡು, "ಎಲ್ಲಿ ಒತ್ತುವುದು ಹೇಳು" ಅಂದರು.